ಕುದುರೆ ಮತ್ತು ಮೇನೆ

ಶಿಕಾರಿಪುರದ ಹುಚ್ಚರಾಯಸ್ವಾಮಿ ದೇವಸ್ಥಾನದ ಹತ್ತಿರ ಆ ಬೆಳಿಗ್ಗೆ ಎರಡು ಕಾರುಗಳು ಒಂದರ ಹಿಂದೊಂದು ನಿಂತಿದ್ದವು. ಮುಂದಿನದು 1948ರ ಎಂ.ಜಿ. ಟಿ.ಸಿ., ಚಿಕ್ಕಮಗಳೂರಿನ ನನ್ನ ಗೆಳೆಯನದು. ಹಿಂದಿನದು ನನ್ನದು, ಕಳೆದ ವರ್ಷ ಕೊಂಡ ಮಾರುತಿ ಡಿಜೈರ್. ಹತ್ತು ನಿಮಿಷದಲ್ಲಿ ಜನ ಸೇರಿದರು. ಎಲ್ಲರೂ ಆರಾಮಾಗಿ ನನ್ನ ಕಾರಿಗೆ ಒರಗಿಕೊಂಡು ಅವನ ಕಾರನ್ನು ನೋಡಿದರು. ಒಬ್ಬರು ತಮ್ಮ ಚೀಲವನ್ನು ನನ್ನ ಬಾನೆಟ್ಟಿನ ಮೇಲೆ ಇಟ್ಟು ಅವನ ಬಾನೆಟ್ಟಿನ ಫೋಟೊ ತೆಗೆದುಕೊಂಡರು.

ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೆ ಇತಿಹಾಸದ ಪಾಠ ಹೇಳಿ ಹೊಟ್ಟೆ ಹೊರೆದವನಿಗೆ ಇದು ಹೊಸದೇನಲ್ಲ. ಜನ ಎತ್ತ ನೋಡುತ್ತಾರೋ ಇತಿಹಾಸವೂ ಹೆಚ್ಚಾಗಿ ಅತ್ತಲೇ ನೋಡಿದೆ.

ಗೆಳೆಯ ಶಿರಸಿ ಕಡೆ ಹಳೆ ಕಾರುಗಳ ಪ್ರದರ್ಶನವೊಂದಕ್ಕೆ ಹೊರಟಿದ್ದ. ಸಾಗರದ ಮೇಲೆ ಹೋಗಬೇಕಿದ್ದವನನ್ನು ನಾನೇ ಶಿಕಾರಿಪುರದ ದಾರಿಗೆ ಎಳೆದಿದ್ದೆ. ತಂಗಿಯ ಮನೆಯಲ್ಲಿದ್ದ ಅಮ್ಮನನ್ನು ನಾನು ಅಂದೇ ಸೊರಬಕ್ಕೆ ಕರೆದೊಯ್ಯಬೇಕಿತ್ತು. ಶಿಕಾರಿಪುರ, ಶಿರಾಳಕೊಪ್ಪ, ಸೊರಬ: ನಲವತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ನಡುವೆ ತಾಳಗುಂದ ನೋಡಿಕೊಂಡು ಹೋಗುವುದು, ದಾರಿಯಲ್ಲಿ ಕಾರು ಅದಲುಬದಲು ಮಾಡಿ ಓಡಿಸುವುದು ಎಂದು ಮಾತಾಗಿತ್ತು.

ಅಮ್ಮ ಎಂ.ಜಿ.ಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎರಡೇ ಸೀಟು. ಇದ್ರಲ್ಲಿ ಸಾಮಾನು ಎಲ್ಲಿ ಇಡೂದು ಮಾರಾಯ?" ಎಂದು ಕೇಳಿದಳು. ಅವಳ ಕೈಯಲ್ಲಿ ಎರಡು ಚೀಲ, ತಂಗಿ ಕಟ್ಟಿಕೊಟ್ಟ ಉಪ್ಪಿನಕಾಯಿ ಭರಣಿ ಇದ್ದವು. ಗೆಳೆಯ ನಕ್ಕ. "ಇದನ್ನ ಮಾಡಿದವರಿಗೆ ಆ ಯೋಚನೆ ಬಂದಿರ್ಲಿಲ್ಲ ಅಮ್ಮಾ."

ಅವನು ತಮಾಷೆಗೆ ಹೇಳಿದ್ದು ಆ ಎರಡು ಕಾರುಗಳ ನಡುವಿನ ವ್ಯತ್ಯಾಸದ ಅರ್ಧಪಾಲು.

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್ ಊರಿನ ಒಂದು ಕಾರು ಮಾರಾಟದ ಅಂಗಡಿಯಲ್ಲಿ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್, ಸಾದಾ ಮಾರಿಸ್ ಕಾರಿನ ಅಡಿಪಟ್ಟಿಯ ಮೇಲೆ ಚುರುಕಾದ ಮೈ ಕೂರಿಸಿ ಶುರುಮಾಡಿದ ಹೆಸರು ಅದು. ಟಿ.ಸಿ. ಎಂಬ ಮಾದರಿ ಬಂದದ್ದು 1945ರಲ್ಲಿ, ಯುದ್ಧ ಮುಗಿದ ಕೂಡಲೇ. 1949ರವರೆಗೆ ಸುಮಾರು ಹತ್ತು ಸಾವಿರ ತಯಾರಾದವು. ಸಾಲದಲ್ಲಿ ಮುಳುಗಿದ್ದ ಬ್ರಿಟನ್ನಿಗೆ ಆಗ ರಫ್ತು ಮಾಡದೆ ಗತಿಯಿರಲಿಲ್ಲ. ರಫ್ತು ಮಾಡುವ ಕಾರ್ಖಾನೆಗೇ ಉಕ್ಕು ಸಿಗುತ್ತಿತ್ತು. ಹಾಗಾಗಿ ಈ ಪುಟ್ಟ ಕಾರುಗಳು ಹಡಗು ಹತ್ತಿ ಲೋಕವೆಲ್ಲ ಸುತ್ತಿದವು. ಗೆಳೆಯನ ಅಜ್ಜ ಇದನ್ನು ಊರಿಗೆ ಮರಳುತ್ತಿದ್ದ ಒಬ್ಬ ತೋಟದ ಸಾಹೇಬನಿಂದ ಕೊಂಡದ್ದಂತೆ.

ತಗಡಿನ ಕೆಳಗೆ ಅದರ ಮೈಯ ಹಂದರ ಮರದ್ದು, ಆ್ಯಶ್ ಎಂಬ ಮರದ್ದು. ಸಂದು ಕೂಡಿಸಿ, ತಿರುಪು ಹಾಕಿ ಮಾಡಿದ ಪಕ್ಕಾ ಬಡಗಿ ಕೆಲಸ. ಗೆಳೆಯನ ಕಾರಿನ ಬಾಗಿಲ ಚೌಕಟ್ಟು ಗೆದ್ದಲು ಹಿಡಿದಾಗ ಅದನ್ನು ಸರಿಮಾಡಿದವರು ಯಾವ ಮೆಕ್ಯಾನಿಕ್ಕೂ ಅಲ್ಲ, ಎತ್ತಿನಗಾಡಿ ಮಾಡುತ್ತಿದ್ದ ಮನೆತನದ ಒಬ್ಬ ಬಡಗಿ. ಅವರು ಬಾಗಿಲನ್ನು ತಟ್ಟಿ ನೋಡಿ, "ಇದು ನಮ್ಮ ಜಾತಿಯದ್ದೇ" ಎಂದರಂತೆ. ಹಿಂದೆ ಮುಂದೆ ಬಿಲ್ಲುಪಟ್ಟಿಯ ಸ್ಪ್ರಿಂಗು, ಹತ್ತೊಂಬತ್ತು ಇಂಚಿನ ಕಡ್ಡಿಚಕ್ರ. ಗಾಡಿಯ ನೆಂಟಸ್ತಿಕೆ ಇನ್ನೂ ಕಳೆದಿರಲಿಲ್ಲ.

ಕೀಲಿಕೈ ತಿರುಗಿಸಿದರೆ ಮೊದಲು ಪೆಟ್ರೋಲ್ ಪಂಪು ಟಿಕ್ ಟಿಕ್ ಎಂದು ಬಡಿಯುತ್ತದೆ. ಅದು ನಿಧಾನವಾಗುವವರೆಗೆ ಕಾಯಬೇಕು. ಆಮೇಲೆ ಚೋಕ್ ಎಳೆದು, ಸ್ಟಾರ್ಟರ್ ಗುಂಡಿ ಎಳೆಯಬೇಕು. ಮೊದಲ ಗೇರಿಗೆ ಈಗಿನ ಕಾರಿನಂತೆ ಸುಲಭದಲ್ಲಿ ಬೀಳುವ ಏರ್ಪಾಡು ಇಲ್ಲ. ಓಡುತ್ತಿರುವಾಗ ಹಾಕಬೇಕಾದರೆ ಕ್ಲಚ್ಚು ಎರಡು ಸಲ ತುಳಿದು, ಎಂಜಿನ್ನಿನ ಸದ್ದನ್ನು ಕಿವಿಯಲ್ಲೇ ಅಳೆದು ಹಾಕಬೇಕು. ನನ್ನ ಕಿವಿ ಅಷ್ಟು ಪಳಗಿರಲಿಲ್ಲ. ಪೇಟೆ ದಾಟುವಷ್ಟರಲ್ಲಿ ಎರಡು ಬಾರಿ ಗೇರು ಹಲ್ಲು ಕಡಿದ ಸದ್ದು ಕೇಳಿ ಹಿಂದಿನಿಂದ ಗೆಳೆಯ ಹಾರ್ನ್ ಮಾಡಿದ. ಅವನು ನನ್ನ ಕಾರಿನಲ್ಲಿ ಅಮ್ಮನನ್ನೂ ಭರಣಿಯನ್ನೂ ಕೂರಿಸಿಕೊಂಡು ಬರುತ್ತಿದ್ದ.

ಊರು ದಾಟಿದ ಮೇಲೆ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಗಂಟೆಗೆ ಐವತ್ತು ಕಿಲೋಮೀಟರಿಗೆ ನೂರರ ಅನುಭವ. ನೆಲ ಕೈಗೆಟಕುವಷ್ಟು ಹತ್ತಿರ. ಕೊಯ್ಲಾದ ಮೆಕ್ಕೆಜೋಳದ ಹೊಲದ ಒಣವಾಸನೆ, ಕೆರೆಯ ಏರಿಯ ತಂಪು, ಯಾರದೋ ಅಂಗಳದಲ್ಲಿ ಬೇಯುತ್ತಿದ್ದ ಅಡಿಕೆಯ ಒಗರು, ಎಲ್ಲ ಒಂದೊಂದಾಗಿ ಬಂದು ಮುಖಕ್ಕೆ ಬಡಿದು ಹೋದವು. ಮೂವತ್ತು ವರ್ಷ ಅದೇ ದಾರಿಯಲ್ಲಿ ಓಡಾಡಿದವನಿಗೆ ಆ ದಾರಿಗೊಂದು ವಾಸನೆಯಿದೆ ಎಂದು ಗೊತ್ತಾದದ್ದು ಅಂದೇ. ನನ್ನ ಕಾರಿನಲ್ಲಿ ಗಾಜು ಏರಿಸಿ ಎ.ಸಿ. ಹಾಕಿದರೆ ಶಿಕಾರಿಪುರಕ್ಕೂ ಬೆಂಗಳೂರಿಗೂ ವ್ಯತ್ಯಾಸವಿಲ್ಲ.

ಆ ಕಾರಿನ ಫಲಕದಲ್ಲಿ ಒಂದು ವಿಚಿತ್ರವಿದೆ. ಚಾಲಕನ ಎದುರಿಗಿರುವುದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಹೇಳುವ ಮುಳ್ಳು. ವೇಗ ಹೇಳುವ ಮುಳ್ಳು ಇರುವುದು ಪಕ್ಕದಲ್ಲಿ ಕೂತವರ ಎದುರಿಗೆ. ಓಡಿಸುವವನಿಗೆ ಎಂಜಿನ್ನಿನ ಯೋಗಕ್ಷೇಮ, ವೇಗದ ಹೆದರಿಕೆ ಪಕ್ಕದವರ ಪಾಲಿಗೆ! ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳಂತೂ ಇಲ್ಲವೇ ಇಲ್ಲ. ಮುಗಿಯುತ್ತಾ ಬಂದಾಗ ಒಂದು ಹಸಿರು ದೀಪ ಹತ್ತುತ್ತದೆ, ಅಷ್ಟೆ.

ಲೆಕ್ಕಕ್ಕೆ ಇಳಿದರೆ ಹಳೆಯದಕ್ಕೆ ಉಳಿಗಾಲವಿಲ್ಲ. ಟಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ 1250 ಸಿ.ಸಿ., ಶಕ್ತಿ ಸುಮಾರು 54 ಅಶ್ವಶಕ್ತಿ. ನನ್ನ ಡಿಜೈರಿನದು ಮೂರೇ ಸಿಲಿಂಡರು, 1197 ಸಿ.ಸಿ., ಶಕ್ತಿ ಸುಮಾರು 80. ಅಂದರೆ ರೇಸಿನ ಕನಸು ಹೊತ್ತು ಹುಟ್ಟಿದ ಕಾರನ್ನು, ಸೊಸೈಟಿಗೆ ಹೋಗಿ ಬರುವ ಸಂಸಾರಸ್ಥರ ಕಾರು ಏದುಸಿರಿಲ್ಲದೆ ಹಿಂದೆ ಹಾಕುತ್ತದೆ. ಅದೂ ನಾಲ್ಕು ಬಾಗಿಲು, ಐದು ಜನ, ಡಿಕ್ಕಿ ತುಂಬ ಸಾಮಾನು ಹೊತ್ತುಕೊಂಡು. ಆದರೂ ಡಿಜೈರಿಗೆ ಒರಗಿ ಎಂ.ಜಿ. ನೋಡುವುದನ್ನು ಜನ ಬಿಡುವುದಿಲ್ಲ.

ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದೆ ಕಾರು ನಿಲ್ಲಿಸಿದೆವು. ಅಲ್ಲಿನ ಕಂಬದ ಶಾಸನ ಕದಂಬ ಶಾಂತಿವರ್ಮನ ಕಾಲದ್ದು, 5ನೆಯ ಶತಮಾನದ್ದು. ಬರೆದ ಕವಿಯ ಹೆಸರು ಕುಬ್ಜ. ಬಿ. ಎಲ್. ರೈಸ್ ಇದನ್ನು ಶಿವಮೊಗ್ಗ ಜಿಲ್ಲೆಯ ಶಾಸನಗಳ ಸಂಪುಟದಲ್ಲಿ 1902ರಲ್ಲಿ ಅಚ್ಚು ಹಾಕಿಸಿದರು. ಮಯೂರಶರ್ಮ ಗುರು ವೀರಶರ್ಮನ ಜೊತೆ ವೇದ ಓದಲು ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಒಬ್ಬ ಪಲ್ಲವ ಕುದುರೆ ಸವಾರನೊಡನೆ ಜಗಳವಾದದ್ದು, ಆ ಸಿಟ್ಟಿನಲ್ಲಿ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು, ಎಲ್ಲ ಅದರಲ್ಲಿದೆ. ಜಗಳ ಯಾತಕ್ಕೆ ಎಂದು ಕವಿ ಹೇಳಿಲ್ಲ. ತರಗತಿಯಲ್ಲಿ ನಾನು ಪ್ರತಿ ವರ್ಷ ಒಂದು ತಮಾಷೆ ಮಾಡುತ್ತಿದ್ದೆ: ನಡೆದು ಹೋಗುವವನಿಗೂ ವಾಹನದ ಮೇಲೆ ಕೂತವನಿಗೂ ರಸ್ತೆಯಲ್ಲಿ ಆಗುವ ಜಗಳಕ್ಕೆ ಕಾರಣ ಬೇಕೇ? ಕನ್ನಡ ನಾಡಿನ ಮೊದಲ ರಾಜವಂಶ ಹುಟ್ಟಿದ್ದೇ ಅಂಥ ಒಂದು ಜಗಳದಿಂದ ಎಂದರೆ ಹುಡುಗರು ನಗುತ್ತಿದ್ದರು, ಪಾಠ ನೆನಪಿಟ್ಟುಕೊಳ್ಳುತ್ತಿದ್ದರು.

ಈ ಎರಡು ತಾಲ್ಲೂಕುಗಳಲ್ಲಿ ಎಲ್ಲಿ ನೋಡಿದರೂ ವೀರಗಲ್ಲು. ತುರು ಕಾಯಲು ಹೋಗಿ ಸತ್ತವರು, ಊರಳಿವಿನಲ್ಲಿ ಸತ್ತವರು. ಕುದುರೆ ಏರಿದ ವೀರರು ಅವುಗಳಲ್ಲಿ ಬೇಕಾದಷ್ಟಿದ್ದಾರೆ. ನಾನು ನೋಡಿದ ನೂರಾರು ಕಲ್ಲುಗಳಲ್ಲಿ ಗಾಡಿಯಲ್ಲಿ ಕೂತು ಹೋಗುತ್ತಿರುವ ಒಂದು ಸಂಸಾರವನ್ನು ಕಂಡಿಲ್ಲ. ಹಾಗೆಂದು ಗಾಡಿ, ಹೇರೆತ್ತು ಇರಲಿಲ್ಲವೇ? ಪಕ್ಕದ ಬಳ್ಳಿಗಾವಿ ಬನವಾಸಿ ನಾಡಿನ ದೊಡ್ಡ ಪೇಟೆ. ಚಾಳುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಸರಕು ಓಡಾಡದೆ ಸುಂಕ ಎಲ್ಲಿಂದ ಬಂತು? ಹೊತ್ತ ಎತ್ತಿಗೆ ಸುಂಕದ ಲೆಕ್ಕದಲ್ಲಿ ಜಾಗ ಸಿಕ್ಕಿತು, ಓಡಿದ ಕುದುರೆಗೆ ಕಲ್ಲಿನಲ್ಲಿ.

ಸೆಡಾನ್ ಎಂಬ ಮಾತಿನ ಬೆನ್ನು ಹತ್ತಿದರೂ ಇದೇ ಕಥೆ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಇಬ್ಬರು ಆಳುಗಳು ಹೊತ್ತೊಯ್ಯುತ್ತಿದ್ದ ಮುಚ್ಚಿದ ಕುರ್ಚಿಯ ಹೆಸರು ಅದು. ನಮ್ಮ ಕಡೆಯ ಮೇನೆ ಎನ್ನಿ. ಮಳೆ, ಬಿಸಿಲು, ಧೂಳು ತಾಗದಂತೆ ಒಳಗೆ ಕೂತವರನ್ನು ಮುಟ್ಟಿಸುವುದೇ ಅದರ ಕೆಲಸ. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದವರು ಮುಚ್ಚಿದ ಕಾರಿಗೆ ಅದೇ ಹೆಸರಿಟ್ಟರು. ಒಂದು ಕುದುರೆಯ ವಂಶದ್ದು, ಇನ್ನೊಂದು ಮೇನೆಯ ವಂಶದ್ದು. ಕುದುರೆಯಲ್ಲಿ ಮುಖ್ಯನಾದವನು ಲಗಾಮು ಹಿಡಿದವನು. ಮೇನೆಯಲ್ಲಿ, ಒಳಗೆ ಕೂತವರು.

ನಮ್ಮ ದೇಶದಲ್ಲಿ ಕುದುರೆಯ ವಂಶಕ್ಕೆ ಜಾಗ ಸಿಗದೇ ಹೋದದ್ದಕ್ಕೂ ಒಂದು ಇತಿಹಾಸವಿದೆ, ಅದರಲ್ಲಿ ಮೈಸೂರಿನ ಹೆಸರೂ ಇದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಭಾರತದಲ್ಲಿ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು. ಮುಂಬಯಿಯಲ್ಲಿ ಆಗಬೇಕೆಂದದ್ದು ತಡವಾದಾಗ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ನೆರವಿಗೆ ಮುಂದೆ ಬಂತು. ಯುದ್ಧದ ಕಾಲ, ಬ್ರಿಟಿಷ್ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು, ಇಂದಿನ ಎಚ್.ಎ.ಎಲ್. ಮೋಟಾರು ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ ಮುಂಬಯಿ ಪಾಲಾಯಿತು. ಕಾರು ಮಾಡಲು ಬಿಡದ ನಾಡಿನಲ್ಲಿ ವಿಮಾನ ರಿಪೇರಿಗೆ ಅವಸರ ಮಾಡಿದ ಆ ಸರ್ಕಾರದ ವಿವೇಕದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

1949ರಲ್ಲಿ ಸ್ವತಂತ್ರ ಭಾರತ ಪೂರ್ತಿ ಕಟ್ಟಿದ ಕಾರುಗಳ ಆಮದನ್ನು ನಿಲ್ಲಿಸಿತು. ಗೆಳೆಯನ ಎಂ.ಜಿ. ಬಾಗಿಲು ಮುಚ್ಚುವ ಮುಂಚೆ ಒಳಗೆ ನುಸುಳಿದ್ದು. ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆಯಿಲ್ಲದ ಕಂಪನಿಗಳು ಐವತ್ತರ ದಶಕದ ನಡುವೆ ಹೊರಟುಹೋದವು. ಆಮೇಲಿನ ಮೂವತ್ತು ವರ್ಷ ನಮ್ಮ ಪಾಲಿಗೆ ಬಂದದ್ದು ಮೂರು: ಅಂಬಾಸಿಡರ್, ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್. ಮೂರೂ ಸಂಸಾರದ ಕಾರುಗಳೇ. ಉಕ್ಕು ಕಡಿಮೆ, ವಿದೇಶಿ ಹಣ ಇನ್ನೂ ಕಡಿಮೆ ಇದ್ದ ದೇಶ ಇಬ್ಬರಿಗಾಗಿ ಒಂದು ಕಾರು ಮಾಡುವುದನ್ನು ಯೋಚಿಸುವಂತಿರಲಿಲ್ಲ. ಅದು ಸರಿಯೇ ಎಂದು ನನಗೆ ಈಗಲೂ ಅನ್ನಿಸುತ್ತದೆ, ಆದರೆ ಅಂದು ತಾಳಗುಂದದ ದಾರಿಯಲ್ಲಿ ಅನ್ನಿಸಿರಲಿಲ್ಲ.

ಶಿಕಾರಿಪುರ, ಸೊರಬಗಳಿಗಂತೂ ರೈಲೂ ಬರಲಿಲ್ಲ. ಶಿವಮೊಗ್ಗಕ್ಕೆ ಬಂದ ಹಳಿ ಸಾಗರದ ಕಡೆ ತಿರುಗಿ ತಾಳಗುಪ್ಪ ಸೇರಿತು. ಶಿಕಾರಿಪುರಕ್ಕೆ ಹಳಿ ಹಾಕುವ ಕೆಲಸ ನಡೆಯುತ್ತಿರುವುದು ಈಗ. ಅಲ್ಲಿಯವರೆಗೆ ನಮಗೆ ಗಾಡಿ, ಬಸ್ಸು, ಆಮೇಲೆ ಬಾಡಿಗೆ ಕಾರು. ಅಮ್ಮ ಮದುವೆಯಾಗಿ ಬಂದದ್ದು ಕಮಾನುಗಾಡಿಯಲ್ಲಿ. ನನ್ನ ಹೆರಿಗೆಗೆ ಆನವಟ್ಟಿ ಕಡೆಯ ನಮ್ಮ ಹಳ್ಳಿಯಿಂದ ರಾತ್ರಿಯಿಡೀ ಸೊರಬದ ದಾರಿ ಹಿಡಿದದ್ದೂ ಅದೇ ಗಾಡಿಯಲ್ಲಿ, ಹುಲ್ಲಿನ ಮೇಲೆ ಕಂಬಳಿ ಹಾಸಿಕೊಂಡು. ಆ ಗಾಡಿಯ ಒಂದು ಫೋಟೊ ನಮ್ಮ ಮನೆಯಲ್ಲಿಲ್ಲ. ಅದು ಸೌದೆಯಾಯಿತೋ, ಅದರ ಚಕ್ರ ಯಾವುದಾದರೂ ರೆಸಾರ್ಟಿನ ಬಾಗಿಲಲ್ಲಿ ಬಣ್ಣ ಬಳಿಸಿಕೊಂಡು ನಿಂತಿದೆಯೋ.

ದೇವಸ್ಥಾನದ ಹೊರಗಿನ ಗೋಡೆಯೊಂದರ ಮೇಲೆ ಹೋರಿ ಹಬ್ಬದ ಪೋಸ್ಟರು ಅಂಟಿಸಿದ್ದರು. ದೀಪಾವಳಿ ಕಳೆದ ಮೇಲೆ ನಮ್ಮ ಎರಡೂ ತಾಲ್ಲೂಕುಗಳಲ್ಲಿ, ಆಚೆ ಹಿರೇಕೆರೂರು ಹಾವೇರಿಯವರೆಗೆ, ತಿಂಗಳುಗಟ್ಟಲೆ ಇದರದೇ ಗಲಾಟೆ. ಕೊಬ್ಬರಿ ಹಾರ, ಬಲೂನು ಕಟ್ಟಿಸಿಕೊಂಡು ಜನರ ನಡುವೆ ಬಾಣದಂತೆ ನುಗ್ಗುವ ಹೋರಿ. ಅದಕ್ಕೊಂದು ಹೆಸರು, ಅಭಿಮಾನಿ ಬಳಗ, ಸತ್ತರೆ ಮೆರವಣಿಗೆ. ಅದನ್ನು ನೊಗಕ್ಕೆ ಕಟ್ಟುವುದಿಲ್ಲ, ಒಳ್ಳೆಯ ಹಿಂಡಿ, ಹುರುಳಿ ತಿನ್ನಿಸಿ ಸಾಕುತ್ತಾರೆ. ಉಳುವ ಜೋಡೆತ್ತುಗಳನ್ನು ಟ್ರ್ಯಾಕ್ಟರ್, ಟಿಲ್ಲರುಗಳು ಬಂದು ಹಟ್ಟಿಯಿಂದ ಕಳಿಸಿದವು. ಮನೆಗೆ ಅನ್ನ ತಂದ ಎತ್ತು ಹೋಯಿತು, ಓಡುವ ಹೋರಿ ಉಳಿಯಿತು. ಕಾರಿನ ಕಾಯಿದೆಯೂ ಹೀಗೆಯೇ ಇದೆ. ಸಾಮಾನ್ಯ ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು. ಆಮೇಲೆ ಪರೀಕ್ಷೆ, ಐದೈದು ವರ್ಷದ ಭಿಕ್ಷೆ, ಕೊನೆಗೆ ಗುಜರಿ. ಐವತ್ತು ವರ್ಷ ದಾಟಿದ್ದಕ್ಕೆ ಮಾತ್ರ 2021ರ ನಿಯಮ 'ವಿಂಟೇಜ್' ಎಂಬ ಪಟ್ಟ ಕೊಟ್ಟು, ಬೇರೆ ನಂಬರು ಫಲಕ ಕೊಟ್ಟು, ಪ್ರದರ್ಶನಕ್ಕೆ, ರ್‍ಯಾಲಿಗೆ ಮಾತ್ರ ಹೊರಡು ಎನ್ನುತ್ತದೆ. ಹದಿನೈದಕ್ಕೂ ಐವತ್ತಕ್ಕೂ ನಡುವಿನ ಮೂವತ್ತೈದು ವರ್ಷ ಒಂದು ಕಾರನ್ನು ಯಾರು ಸಾಕುತ್ತಾರೆ? ಹೋರಿ ಸಾಕಿದಂತೆ ಸಾಕುವವರು. ನನ್ನ ಡಿಜೈರನ್ನು ಯಾರೂ ಸಾಕುವುದಿಲ್ಲ, ನಾನೂ ಸೇರಿ.

ಈ ಮಾತನ್ನೆಲ್ಲ ಗೆಳೆಯನೊಡನೆ ಆಡುತ್ತಿದ್ದಾಗ ಅವನು ಹಳೆ ಕಾರಿನವರು ಸಾಮಾನ್ಯವಾಗಿ ಆಡುವ ಒಂದು ಮಾತು ಆಡಿದ. "ಏನೇ ಹೇಳು, ಆ ಕಾಲದ ತಗಡು ತಗಡೇ. ಈಗಿನದ್ದು ಹಪ್ಪಳ."

ಅಮ್ಮ ಕಟ್ಟೆಯ ಮೇಲೆ ಕೂತಿದ್ದವಳು ತಲೆಯೆತ್ತಿದಳು. "ನಿನ್ನ ಮಾವ ಕೂತದ್ದೂ ಗಟ್ಟಿ ಕಾರೇ," ಎಂದಳು, ನನ್ನನ್ನು ನೋಡಿ.

ಅಮ್ಮನ ಅಣ್ಣ ತೀರಿಕೊಂಡದ್ದು ಶಿರಾಳಕೊಪ್ಪ ದಾಟಿ ಸೊರಬದ ದಾರಿಯಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ. ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ರಸ್ತೆಗೆ ಅಡ್ಡ ಬಂದ ಎಮ್ಮೆ ತಪ್ಪಿಸಲು ಹೋಗಿ ಕಾರು ಮರಕ್ಕೆ ಬಡಿಯಿತು. ನೋಡಲು ಹೋದ ಅಪ್ಪ ಬಂದು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಕಾರಿಗೆ ಏನೂ ಆಗಿಲ್ಲ, ಬಂಪರ್ ಡೊಂಕಾಗಿದೆ ಅಷ್ಟೆ." ಮಾವನ ಎದೆ ಮುಂದಿನ ಫಲಕಕ್ಕೆ ಬಡಿದಿತ್ತು. ಅದೇ ಕಾರು ತಿಂಗಳೊಪ್ಪತ್ತಿನಲ್ಲಿ ಮತ್ತೆ ಬಾಡಿಗೆಗೆ ಓಡಿತು.

ಇದು ಎಷ್ಟೋ ವರ್ಷ ನನಗೆ ಒಗಟಾಗಿತ್ತು. ಬಿಡಿಸಿದ್ದು ಒಂದು ಚಲನಚಿತ್ರದ ತುಣುಕು. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷಾ ಸಂಸ್ಥೆ ತನ್ನ ಐವತ್ತನೆಯ ವರ್ಷಕ್ಕೆಂದು ಎರಡು ಷೆವ್ರೊಲೆ ಕಾರುಗಳನ್ನು ಎದುರುಬದುರು ಡಿಕ್ಕಿ ಹೊಡೆಸಿತು. ಒಂದು 1959ರ ಬೆಲ್ ಏರ್, ಇನ್ನೊಂದು 2009ರ ಮಾಲಿಬೂ ಎಂಬ ಸಂಸಾರಸ್ಥರ ಸೆಡಾನ್. ಎರಡೂ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿದ್ದವು. ಹಳೆಯ ಕಾರು ಆನೆಯಂತಿತ್ತು. ಗುದ್ದಿದ ಕ್ಷಣದಲ್ಲಿ ಅದರ ಸ್ಟೇರಿಂಗು, ಮುಂಭಾಗವೆಲ್ಲ ಚಾಲಕನ ಜಾಗಕ್ಕೇ ನುಗ್ಗಿತು. ಒಳಗಿದ್ದ ಗೊಂಬೆ ಮನುಷ್ಯನಾಗಿದ್ದರೆ ಉಳಿಯುತ್ತಿರಲಿಲ್ಲ. ಹೊಸದರ ಮೂತಿ ಪುಡಿಯಾಯಿತು, ಕೂತ ಜಾಗ ಹಾಗೆಯೇ ಉಳಿಯಿತು.

ಕಾರು ಮುದ್ದೆಯಾಗಬೇಕು, ಮನುಷ್ಯ ಆಗಬಾರದು. ಮೂತಿ ಕುಸಿಯುತ್ತ ಪೆಟ್ಟನ್ನು ತಿನ್ನಬೇಕು, ನಡುವಿನ ಪೆಟ್ಟಿಗೆ ಮಾತ್ರ ಬಗ್ಗಬಾರದು ಎಂಬ ಈ ವಿಚಾರಕ್ಕೆ ಮರ್ಸಿಡಿಸ್ ಕಂಪನಿಯ ಬೆಲಾ ಬರೆನಿ ಎಂಬ ಎಂಜಿನಿಯರ್ ಪೇಟೆಂಟ್ ಪಡೆದದ್ದು 1950ರ ದಶಕದ ಆರಂಭದಲ್ಲಿ. ಎದೆ ಮತ್ತು ಸೊಂಟ ಎರಡನ್ನೂ ಹಿಡಿಯುವ ಸೀಟ್ ಬೆಲ್ಟನ್ನು ವೋಲ್ವೋದ ನಿಲ್ಸ್ ಬೊಲೀನ್ ತಂದದ್ದು 1959ರಲ್ಲಿ. ಬೇರೆ ಕಂಪನಿಗಳೂ ಬಳಸಲಿ ಎಂದು ವೋಲ್ವೋ ಅದನ್ನು ಬಿಟ್ಟುಕೊಟ್ಟಿತು. ಮಾವ ಸತ್ತಾಗ ಈ ಎರಡೂ ಲೋಕಕ್ಕೆ ಗೊತ್ತಿದ್ದವು. ಶಿರಾಳಕೊಪ್ಪದ ದಾರಿಗೆ ಬಂದಿರಲಿಲ್ಲ. ನಮ್ಮ ದೇಶದಲ್ಲಿ ಎಲ್ಲ ಹೊಸ ಕಾರಿಗೂ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ನನ್ನ ಕಾರಿನಲ್ಲಿ ಆರಿವೆ. ಅಪಘಾತ ಪರೀಕ್ಷೆಯಲ್ಲಿ ಇದು ಐದು ನಕ್ಷತ್ರ ಪಡೆದದ್ದು ಕೇಳಿಯೇ ನಾನು ಕೊಂಡದ್ದು. ಬಣ್ಣವನ್ನು ಮಗಳು ಆರಿಸಿದಳು.

ಹಾಗಾಗಿ ಹಪ್ಪಳ ಎಂಬ ಮಾತಿಗೆ ನಾನು ಗೆಳೆಯನಿಗೆ ಉತ್ತರ ಕೊಡಬಹುದಿತ್ತು. ಕೊಡುವ ಮುಂಚೆ ಅಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇನ್ನು ಸೊರಬದವರೆಗೆ ನಾ ಇದ್ರಲ್ಲಿ ಕೂರ್ತೆ," ಎಂದಳು. ಕೈ ತೋರಿಸಿದ್ದು ಎಂ.ಜಿ. ಕಡೆಗೆ.

ನಾನು ಬೇಡವೆಂದೆ. ಬೆಲ್ಟಿಲ್ಲ, ಗಾಳಿ ಹೊಡೆಯುತ್ತದೆ, ಎಪ್ಪತ್ತಾರು ವಯಸ್ಸು, ಎಂದೆಲ್ಲ ಹೇಳಿದೆ. "ಗಾಡಿಯಲ್ಲಿ ಬೆಲ್ಟ್ ಇತ್ತನಾ?" ಎಂದು ಕೇಳಿದಳು. ಗೆಳೆಯ ಬಾಗಿಲು ತೆರೆದ. ಅದರ ಬಾಗಿಲು ಹಿಂದಕ್ಕೆ ತೆರೆಯುತ್ತದೆ. ಅಮ್ಮ ಗಾಡಿ ಹತ್ತುವವಳಂತೆ ಮೊದಲು ಬೆನ್ನು ಕೊಟ್ಟು ಕೂತು, ಆಮೇಲೆ ಕಾಲು ಒಳಗೆಳೆದುಕೊಂಡಳು. ಭರಣಿ ನನ್ನ ಕಾರಿನ ಹಿಂದಿನ ಸೀಟಿನಲ್ಲೇ ಉಳಿಯಿತು. ಅದಕ್ಕೆ ನಾನು ಬೆಲ್ಟ್ ಹಾಕಿದೆ.

ಶಿರಾಳಕೊಪ್ಪ ದಾಟಿದ ಮೇಲೆ ಅವರನ್ನು ಹಿಂಬಾಲಿಸಿ ಹೋದೆ. ಎದುರಿನ ಗಾಜಿನಲ್ಲಿ ಅಮ್ಮನ ಬಿಳಿಕೂದಲು, ಹಾರುವ ಸೆರಗಿನ ತುದಿ. ಮಾವನ ಮರವಿದ್ದ ತಿರುವಿನಲ್ಲಿ ಈಗ ಮರವಿಲ್ಲ, ರಸ್ತೆ ಅಗಲ ಮಾಡುವಾಗ ಕಡಿದರು. ಆ ತಿರುವು ಬಂದಾಗ ಅವಳು ಪಕ್ಕಕ್ಕೆ ತಿರುಗಿ ನೋಡುತ್ತಾಳೆಂದುಕೊಂಡಿದ್ದೆ. ನೋಡಲಿಲ್ಲ. ತಲೆ ತಗ್ಗಿಸಿ ಮುಂದಿನ ಫಲಕವನ್ನೇ ನೋಡುತ್ತಿದ್ದಳು. ಗೆಳೆಯ ವೇಗ ಹೆಚ್ಚಿಸಿದ. ನನ್ನ ಮುಳ್ಳು ಎಪ್ಪತ್ತು ದಾಟಿತು. ಹಾರ್ನ್ ಮಾಡಿದೆ, ಆ ಗಾಳಿಯಲ್ಲಿ ಅವರಿಗೆ ಕೇಳಿಸಿರಲಾರದು.

ದಂಡಾವತಿ ಹೊಳೆ ದಾಟಿ ಸೊರಬದ ಮನೆ ಮುಂದೆ ನಿಂತಾಗ ಅಮ್ಮನ ಕೂದಲೆಲ್ಲ ಕೆದರಿತ್ತು, ಕಣ್ಣಲ್ಲಿ ನೀರಿತ್ತು, ಮುಖದ ತುಂಬ ನಗುವಿತ್ತು. ನಾನು ಬಯ್ಯಲು ಬಾಯಿ ತೆರೆಯುವ ಮುಂಚೆ ಅವಳೇ ಹೇಳಿದಳು: "ನೀ ಎಂತ ಹೆದರ್ಕಂಡಿದ್ದೆ? ನನ್ನೆದುರಿಗೇ ಮುಳ್ಳಿತ್ತು, ನೋಡ್ತಾನೇ ಇದ್ದೆ. ನಲವತ್ತೈದು ದಾಟ್ಲಿಲ್ಲ."

ಆ ಮುಳ್ಳು ಮೈಲಿಯದ್ದು. ಗೆಳೆಯ ನನ್ನನ್ನು ನೋಡಿದ. ನಾನು ಭರಣಿಯ ಬೆಲ್ಟ್ ಬಿಚ್ಚಿ ಒಳಗೆ ಒಯ್ದೆ.